ಆಲನ್ ಟ್ಯೂರಿಂಗ್: ಯಂತ್ರಕ್ಕೆ ಪಾಠ ಹೇಳಹೊರಟ ಗಣಿತಜ್ಞ

ಹತ್ತನೆಯ ತರಗತಿ ಮುಗಿಸಿದ ಮಕ್ಕಳ ತಂದೆತಾಯಿಗಳು ಈಚಿನ ವರ್ಷಗಳಲ್ಲಿ ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಇಂಟರ್ ಮುಗಿಸಿ ಕಂಪ್ಯೂಟರ್ ಪದವಿಗೆ ಸೇರಿದರೆ ಅಲ್ಲಿ ಕೃತಕ ಬುದ್ಧಿಮತ್ತೆ ಎಂಬ ವಿಷಯವನ್ನು ಕಲಿಸುತ್ತಾರಂತೆ. ಅದೇನು, ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಅದು ದಕ್ಕೀತೇ ಎಂಬುದೇ ಆ ಪ್ರಶ್ನೆ. ಒಂದು ವಿಷಯದ ಸ್ವರೂಪ ತಿಳಿಯಬೇಕಾದರೆ ಅದಕ್ಕೆ ಬುನಾದಿ ಹಾಕಿದವರ ಬಾಳನ್ನು ಅರಿಯುವುದು ಒಳ್ಳೆಯ ದಾರಿ. ಆದ್ದರಿಂದ ಈ ಸಂಚಿಕೆಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಆಲನ್ ಟ್ಯೂರಿಂಗ್ ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಪರಿಚಯಿಸಬಯಸುತ್ತೇವೆ.

ಈ ಇಂಗ್ಲಿಷ್ ವಿಜ್ಞಾನಿಯ ಮನೆತನಕ್ಕೂ ನಮ್ಮ ಸೀಮೆಗೂ ನಂಟಿತ್ತೆಂದರೆ ನಿಮಗೆ ಅಚ್ಚರಿಯಾದೀತು. ಆಲನ್‌ನ ತಂದೆ ಜೂಲಿಯಸ್ ಟ್ಯೂರಿಂಗ್ ಐ.ಸಿ.ಎಸ್. ಅಧಿಕಾರಿ. 1896ರಲ್ಲಿ ಮದರಾಸು ಪ್ರಾಂತಕ್ಕೆ ಬಂದ ಅವರು ಮೊದಲ ಹತ್ತು ವರ್ಷ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಆ ಕಾಲದಲ್ಲಿ ಆದೋನಿ, ಆಲೂರು, ರಾಯದುರ್ಗಗಳೆಲ್ಲ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಈ ಮೂರು ತಾಲೂಕುಗಳು ಆಂಧ್ರಕ್ಕೆ ಬಂದವು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರ್. ತುಂಗಭದ್ರಾ ನದಿಯ ರೈಲು ಸೇತುವೆ ಅವರ ಕೆಲಸ. ಸದ್ದು ಮಾಡದ ಪಂಖಾ ಚಕ್ರವೊಂದನ್ನೂ ಅವರು ಕಂಡುಹಿಡಿದಿದ್ದರು. ಹಿರಿಯ ಮಗ ಜಾನ್ 1908ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಜನಿಸಿದನು. ಎರಡನೆಯ ಮಗ ಆಲನ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು.

ಭಾರತದ ಬಿಸಿಲು ಎಳೆಯ ಮಕ್ಕಳಿಗೆ ಒಗ್ಗದೆಂದು ಆಗಿನ ಇಂಗ್ಲಿಷ್ ಅಧಿಕಾರಿಗಳು ಮಕ್ಕಳನ್ನು ತಾಯ್ನಾಡಿನಲ್ಲೇ ಬಿಡುತ್ತಿದ್ದರು. ಆಲನ್‌ಗೆ ಒಂದೂಕಾಲು ವರ್ಷವಾದಾಗ ತಾಯಿಯೂ ತಂದೆಯ ಬಳಿಗೆ ಹೊರಟುಹೋದರು. ಸಮುದ್ರತೀರದ ಊರೊಂದರಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಅಣ್ಣತಮ್ಮಂದಿರು ಬೆಳೆದರು. ಹೊಟ್ಟೆಪಾಡಿಗಾಗಿ ದೂರದ ಊರಿಗೆ ಹೋದ ತಂದೆತಾಯಿಗಳ ಮಕ್ಕಳು ನಮ್ಮ ಶಾಲೆಗಳಲ್ಲೂ ಇದ್ದಾರೆ. ಅಜ್ಜಿಯ ಮನೆಯಲ್ಲಿ ಬೆಳೆಯುವ ಮಗುವಿಗೆ ಈ ಬಾಲ್ಯ ಬೇಗ ಅರ್ಥವಾದೀತು.

ಬಾಲಕ ಆಲನ್ ಯಾರ ನೆರವೂ ಇಲ್ಲದೆ ಸುಮಾರು ಮೂರು ವಾರಗಳಲ್ಲಿ ಓದಲು ಕಲಿತನೆಂದು ಹೇಳುತ್ತಾರೆ. ಅಕ್ಷರಕ್ಕಿಂತ ಅಂಕಿಗಳೆಂದರೆ ಅವನಿಗೆ ಹೆಚ್ಚು ಪ್ರೀತಿ. ಬೀದಿಯಲ್ಲಿ ನಡೆಯುವಾಗ ಪ್ರತಿ ದೀಪದ ಕಂಬದ ಬಳಿ ನಿಂತು ಅದರ ಮೇಲಿನ ಸಂಖ್ಯೆಯನ್ನು ಓದಿಯೇ ಮುಂದೆ ಹೋಗುತ್ತಿದ್ದನು. ಹತ್ತು ವರ್ಷದವನಿದ್ದಾಗ ಮಕ್ಕಳಿಗಾಗಿ ಬರೆದ ವಿಜ್ಞಾನದ ಪುಸ್ತಕವೊಂದು ಅವನ ಕೈಸೇರಿತು. ನಮ್ಮ ದೇಹವೂ ಒಂದು ಬಗೆಯ ಯಂತ್ರವೇ ಎಂದು ಅದು ವಿವರಿಸುತ್ತಿತ್ತು. ವಿಜ್ಞಾನದ ಕಡೆಗೆ ತನ್ನ ಕಣ್ಣು ತೆರೆಸಿದ್ದು ಆ ಪುಸ್ತಕವೆಂದು ಅವರು ಮುಂದೆ ನೆನೆಯುತ್ತಿದ್ದರು.

1926ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಅವನನ್ನು ಷರ್ಬರ್ನ್ ಎಂಬಲ್ಲಿನ ವಸತಿ ಶಾಲೆಗೆ ಸೇರಿಸಿದರು. ಶಾಲೆ ತೆರೆಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆದು ರೈಲುಗಳು ನಿಂತುಹೋದವು. ಹುಡುಗ ಸುಮ್ಮನೆ ಕೂರಲಿಲ್ಲ. ಹಡಗಿನಿಂದ ಇಳಿದವನೇ ಸೈಕಲ್ ಏರಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದುಕೊಂಡು ಶಾಲೆಗೆ ಹಾಜರಾದನು.

ಆದರೆ ಇಂಥ ಹುಡುಗನಿಗೆ ಶಾಲೆಯಲ್ಲಿ ಒಳ್ಳೆಯ ಹೆಸರು ಬರಲಿಲ್ಲ. ಅವನ ಅಕ್ಷರ ಓದಲಾಗದಷ್ಟು ಕೆಟ್ಟದಾಗಿತ್ತು. ಇಂಗ್ಲಿಷ್ ಭಾಷೆಯಲ್ಲಿ ತರಗತಿಗೆ ಕಡೆಯವನಾಗಿದ್ದನು. ಬರೀ ವಿಜ್ಞಾನವೇ ಬೇಕಾದರೆ ಇಂಥ ಶಾಲೆಯಲ್ಲಿ ಅವನ ಕಾಲ ವ್ಯರ್ಥವಾಗುತ್ತದೆ ಎಂಬ ಅರ್ಥದಲ್ಲಿ ಮುಖ್ಯೋಪಾಧ್ಯಾಯರೇ ವರದಿ ಬರೆದರು. ಅದೇ ಹೊತ್ತಿನಲ್ಲಿ ಆ ಹುಡುಗ, ಇನ್ನೂ ಕಲನಶಾಸ್ತ್ರದ ಪಾಠ ಕೇಳದಿದ್ದರೂ, ತ್ರಿಕೋನಮಿತಿಯ ಅನಂತ ಶ್ರೇಣಿಯೊಂದನ್ನು ತಾನಾಗಿಯೇ ಕಂಡುಕೊಂಡಿದ್ದನು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಓದಿ ತಾಯಿಗೆ ಅರ್ಥವಾಗುವಂತೆ ಅದರ ಸಾರಾಂಶ ಬರೆದುಕೊಟ್ಟಿದ್ದನು. ಹಾಗೆಂದು ಕೆಟ್ಟ ಅಕ್ಷರವೇ ಪ್ರತಿಭೆಯ ಲಕ್ಷಣವೆಂದು ನಮ್ಮ ಮಕ್ಕಳು ತಿಳಿಯಬಾರದು. ಆದರೆ ಮಗುವಿನ ಪ್ರಗತಿಪತ್ರ ಮಗುವಿನ ಪೂರ್ತಿ ಚಿತ್ರವಲ್ಲ ಎಂಬ ಮಾತನ್ನು ನಾವು ಶಿಕ್ಷಕರೂ ಪೋಷಕರೂ ನೆನಪಿಡಬೇಕು.

ಶಾಲೆಯಲ್ಲಿ ಅವನಿಗೆ ಸಿಕ್ಕಿದ ದೊಡ್ಡ ಭಾಗ್ಯವೆಂದರೆ ಕ್ರಿಸ್ಟೊಫರ್ ಮಾರ್ಕಮ್ ಎಂಬ ಗೆಳೆಯ. ಒಂದು ತರಗತಿ ಮುಂದಿದ್ದ ಈ ಗೆಳೆಯನಿಗೂ ಗಣಿತ, ಖಗೋಳಗಳಲ್ಲಿ ಅಪಾರ ಆಸಕ್ತಿ. ಅವನ ಅಚ್ಚುಕಟ್ಟನ್ನು ನೋಡಿ ಆಲನ್ ತನ್ನ ಕೆಲಸವನ್ನೂ ತಿದ್ದಿಕೊಳ್ಳತೊಡಗಿದನು. ಆದರೆ 1930ರ ಫೆಬ್ರವರಿ 13ರಂದು ಕ್ರಿಸ್ಟೊಫರ್ ತೀರಿಕೊಂಡನು. ಬಾಲ್ಯದಲ್ಲಿ ಕುಡಿದ ರೋಗಪೀಡಿತ ಹಸುವಿನ ಹಾಲಿನಿಂದ ತಗಲಿದ್ದ ಕ್ಷಯವೇ ಅದಕ್ಕೆ ಕಾರಣ. ಆಲನ್ ಕುಸಿದುಹೋದನು. ಗೆಳೆಯನ ತಾಯಿಗೆ ಪತ್ರ ಬರೆಯುತ್ತ, ದೇಹ ಬಿದ್ದ ಮೇಲೆ ಮನಸ್ಸು ಏನಾಗುತ್ತದೆ, ಮನಸ್ಸು ಜಡವಸ್ತುವಿನಲ್ಲಿ ಹೇಗೆ ನೆಲೆಗೊಳ್ಳುತ್ತದೆ ಎಂದು ಚಿಂತಿಸತೊಡಗಿದನು. ಮನಸ್ಸು ಎಂದರೇನು ಎಂಬ ಪ್ರಶ್ನೆ ಆ ದುಃಖದ ಕಾಲದಿಂದ ಮುಂದೆ ಅವನನ್ನು ಬಿಡಲೇ ಇಲ್ಲ.

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿವೇತನಕ್ಕೆ ಆಲನ್ ಎರಡು ಬಾರಿ ಪರೀಕ್ಷೆ ಬರೆದರೂ ಅದು ದೊರೆಯಲಿಲ್ಲ. ಎರಡನೆಯ ಆಯ್ಕೆಯಾಗಿದ್ದ ಕಿಂಗ್ಸ್ ಕಾಲೇಜಿನಲ್ಲಿ ಸ್ಥಾನ ಸಿಕ್ಕಿತು. 1931ರಲ್ಲಿ ಅಲ್ಲಿಗೆ ಸೇರಿ, 1934ರಲ್ಲಿ ಗಣಿತದಲ್ಲಿ ಪ್ರಥಮ ಶ್ರೇಣಿಯಲ್ಲಿ ಪದವಿ ಪಡೆದರು. 1935ರಲ್ಲಿ, ಕೇವಲ 22ನೆಯ ವಯಸ್ಸಿನಲ್ಲಿ, ಅದೇ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು.

ಆ ವರ್ಷ ಪ್ರಾಧ್ಯಾಪಕ ಮ್ಯಾಕ್ಸ್ ನ್ಯೂಮನ್ ಅವರ ಉಪನ್ಯಾಸಗಳಲ್ಲಿ ಟ್ಯೂರಿಂಗ್ ಒಂದು ಸಮಸ್ಯೆಯನ್ನು ಕೇಳಿದರು. ಗಣಿತದ ಯಾವುದೇ ಹೇಳಿಕೆಯನ್ನು ಕೊಟ್ಟರೂ ಅದು ಸಾಧಿಸಲು ಬರುವಂಥದೋ ಅಲ್ಲವೋ ಎಂದು ನಿರ್ಣಯಿಸಬಲ್ಲ ನಿಶ್ಚಿತ ವಿಧಾನವೊಂದಿದೆಯೇ? ಜರ್ಮನಿಯ ಹಿಲ್ಬರ್ಟ್ ಎತ್ತಿದ್ದ ಪ್ರಶ್ನೆಯಿದು. ಉತ್ತರಿಸುವ ಮೊದಲು ವಿಧಾನ ಎಂದರೇನು ಎಂಬುದನ್ನೇ ಸ್ಪಷ್ಟಪಡಿಸಬೇಕೆಂದು ಟ್ಯೂರಿಂಗ್ ಮನಗಂಡರು. ಆಗಿನ್ನೂ ಕಂಪ್ಯೂಟರ್ ಎಂಬ ಪದಕ್ಕೆ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥ. ಲೆಕ್ಕ ಮಾಡುವಾಗ ಮನುಷ್ಯ ಏನು ಮಾಡುತ್ತಾನೆ ಎಂದು ಅವರು ಬಿಡಿಸಿ ನೋಡಿದರು.

ನಮ್ಮ ಐದನೆಯ ತರಗತಿಯ ಮಗು ಚೌಕುಳಿ ಪುಸ್ತಕದಲ್ಲಿ ಕೂಡುವ ಲೆಕ್ಕ ಮಾಡುವುದನ್ನು ಕಣ್ಣಮುಂದೆ ತಂದುಕೊಳ್ಳಿ. 7 ಮತ್ತು 8ನ್ನು ಕೂಡಿ, ಒಂದು ಮನೆಯಲ್ಲಿ 5 ಬರೆದು, 1ನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮನೆಗೆ ಹೋಗುತ್ತದೆ. ಒಂದು ಸಲಕ್ಕೆ ಒಂದು ಮನೆಯನ್ನು ನೋಡುವುದು, ಮನಸ್ಸಿನಲ್ಲಿರುವುದನ್ನು ನೆನೆಯುವುದು, ನಿಯಮದಂತೆ ಬರೆಯುವುದು ಅಥವಾ ಅಳಿಸುವುದು, ಪಕ್ಕದ ಮನೆಗೆ ಸರಿಯುವುದು: ಎಂಥ ದೊಡ್ಡ ಲೆಕ್ಕವಾದರೂ ಈ ಸಣ್ಣ ಹೆಜ್ಜೆಗಳೇ. ಮನೆಮನೆಯಾಗಿ ಗೆರೆ ಹಾಕಿದ, ಕೊನೆಯಿಲ್ಲದ ಒಂದು ಕಾಗದದ ಪಟ್ಟಿ, ಅದರ ಮೇಲೆ ಓಡಾಡುತ್ತ ಓದಿ ಬರೆಯುವ ಒಂದು ಸಾಧನ, ಒಂದು ನಿಯಮಗಳ ಪಟ್ಟಿ ಇಷ್ಟಿದ್ದರೆ ಆ ಕೆಲಸವನ್ನು ಯಂತ್ರವೂ ಮಾಡಬಲ್ಲದೆಂದು ಟ್ಯೂರಿಂಗ್ ತೋರಿಸಿದರು. ಇದನ್ನೇ ಈಗ ಟ್ಯೂರಿಂಗ್ ಯಂತ್ರ ಎನ್ನುತ್ತಾರೆ. ಅದು ಕಬ್ಬಿಣದ ಯಂತ್ರವಲ್ಲ, ಕಲ್ಪನೆಯ ಯಂತ್ರ.

1936ರ ಆ ಪ್ರಬಂಧದಲ್ಲಿ ಅವರು ಇನ್ನೂ ಎರಡು ಮಾತುಗಳನ್ನು ಸಾಧಿಸಿದರು. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಬೇಕಾಗಿಲ್ಲ. ಬೇರೆ ಯಂತ್ರದ ನಿಯಮಗಳನ್ನು ಪಟ್ಟಿಯ ಮೇಲೆ ಬರೆದುಕೊಟ್ಟರೆ ಅದರಂತೆಯೇ ನಡೆಯುವ ಒಂದೇ ಸಾರ್ವತ್ರಿಕ ಯಂತ್ರ ಸಾಧ್ಯ. ಇಂದು ಒಂದೇ ಮೊಬೈಲಿನಲ್ಲಿ ಲೆಕ್ಕ, ಹಾಡು, ಪತ್ರ, ಚಿತ್ರಗಳೆಲ್ಲ ನಡೆಯುವುದರ ಹಿಂದಿರುವ ತತ್ತ್ವವಿದು. ಎರಡನೆಯದಾಗಿ, ಯಾವ ಯಂತ್ರವೂ ಬಿಡಿಸಲಾಗದ ಪ್ರಶ್ನೆಗಳಿವೆ. ಹಿಲ್ಬರ್ಟ್ ಕೇಳಿದ ಸರ್ವನಿರ್ಣಾಯಕ ವಿಧಾನವು ಇರಲಾರದು. ಹೀಗೆ ಯಂತ್ರದ ಶಕ್ತಿಯನ್ನೂ ಅದರ ಮಿತಿಯನ್ನೂ ಒಂದೇ ಪ್ರಬಂಧದಲ್ಲಿ ತೋರಿಸಿದಾಗ ಅವರಿಗೆ 24 ವರ್ಷ. ಅನಂತರ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿ, ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1938ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು.

ಎರಡನೆಯ ಮಹಾಯುದ್ಧ ಆರಂಭವಾದೊಡನೆ, 1939ರ ಸೆಪ್ಟೆಂಬರ್ 4ರಂದು, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬಲ್ಲಿನ ಗುಪ್ತಲಿಪಿ ಕೇಂದ್ರಕ್ಕೆ ಸೇರಿದರು. ಜರ್ಮನ್ ಸೇನೆಯು ಎನಿಗ್ಮಾ ಎಂಬ ಯಂತ್ರದ ಮೂಲಕ ತನ್ನ ಸಂದೇಶಗಳನ್ನು ಗೂಢಲಿಪಿಗೆ ಇಳಿಸುತ್ತಿತ್ತು. ಆ ಯಂತ್ರವನ್ನು ಹೊಂದಿಸುವ ಬಗೆಗಳು ಸುಮಾರು 159ರ ಮುಂದೆ 18 ಸೊನ್ನೆ ಹಾಕಿದಷ್ಟು! ಪೋಲೆಂಡಿನ ಮೂವರು ತರುಣ ಗಣಿತಜ್ಞರು ಇದನ್ನು ಮೊದಲು ಭೇದಿಸಿ, ಯುದ್ಧಕ್ಕೆ ಕೆಲವೇ ವಾರಗಳ ಮುಂಚೆ ತಮ್ಮ ಜ್ಞಾನವನ್ನು ಇಂಗ್ಲೆಂಡಿಗೂ ಫ್ರಾನ್ಸಿಗೂ ಒಪ್ಪಿಸಿದ್ದರು. ಆ ತಳಹದಿಯ ಮೇಲೆ ಟ್ಯೂರಿಂಗ್ ಬಾಂಬ್ ಎಂಬ ಹೆಸರಿನ ಹೊಸ ಶೋಧಯಂತ್ರವನ್ನು ಯೋಜಿಸಿದರು. ಗಾರ್ಡನ್ ವೆಲ್ಚ್‌ಮನ್ ಅದನ್ನು ಸುಧಾರಿಸಿದರು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತನ್ನನ್ನೇ ಸಂಕೇತವಾಗಿ ಪಡೆಯುತ್ತಿರಲಿಲ್ಲ. ಹವಾಮಾನ ವರದಿಯಂಥ ಸಂದೇಶಗಳಲ್ಲಿ ಇರಲೇಬೇಕಾದ ಪದಗಳನ್ನು ಊಹಿಸಿ, ಈ ದೋಷವನ್ನು ಹಿಡಿದು, ಹೊಂದದ ಸಾಧ್ಯತೆಗಳನ್ನು ಯಂತ್ರ ಸರಸರನೆ ತಳ್ಳಿಹಾಕುತ್ತಿತ್ತು. ಕಠಿಣವಾದ ನೌಕಾಪಡೆಯ ಗೂಢಲಿಪಿಯನ್ನು ಬಿಡಿಸುವ ಹೊಣೆಯನ್ನೂ ಟ್ಯೂರಿಂಗ್ ಹೊತ್ತರು. ಶತ್ರುವಿನ ಜಲಾಂತರ್ಗಾಮಿಗಳ ಜಾಡು ತಿಳಿದು, ಆಹಾರ ತರುವ ಹಡಗುಗಳನ್ನು ಬೇರೆ ದಾರಿಗೆ ತಿರುಗಿಸಲು ಸಾಧ್ಯವಾಯಿತು. ಎಷ್ಟೋ ನಾವಿಕರ ಪ್ರಾಣ ಉಳಿಯಿತು.

ಅವರೊಂದಿಗೆ ದುಡಿದವರಲ್ಲಿ ಜೋನ್ ಕ್ಲಾರ್ಕ್ ಎಂಬ ಗಣಿತ ವಿದುಷಿಯೂ ಇದ್ದರು. ಕೇಂಬ್ರಿಜ್‌ನಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾಗಿದ್ದರೂ ಹೆಣ್ಣುಮಕ್ಕಳಿಗೆ ಆ ವಿಶ್ವವಿದ್ಯಾನಿಲಯ 1948ರವರೆಗೆ ಪೂರ್ಣ ಪದವಿಯನ್ನೇ ಕೊಡುತ್ತಿರಲಿಲ್ಲ. ಸಂಬಳದಲ್ಲೂ ಗಂಡಸರಿಗಿಂತ ಕಡಿಮೆ. ಆದರೂ ಆಕೆ ಆ ಕೇಂದ್ರದ ಶ್ರೇಷ್ಠ ಗೂಢಲಿಪಿ ತಜ್ಞರ ಸಾಲಿನಲ್ಲಿ ನಿಂತರು. ನಮ್ಮ ವಿದ್ಯಾರ್ಥಿನಿಯರು ಈ ಹೆಸರನ್ನೂ ನೆನಪಿಡಬೇಕು. ಇವರೆಲ್ಲರ ಕೆಲಸ 1970ರ ದಶಕದವರೆಗೂ ಸರಕಾರಿ ರಹಸ್ಯವಾಗಿಯೇ ಉಳಿಯಿತು. ಟ್ಯೂರಿಂಗ್ ತಮ್ಮ ಜೀವಿತಕಾಲದಲ್ಲಿ ಇದರ ಕೀರ್ತಿಯನ್ನು ಕಾಣಲಿಲ್ಲ.

ಯುದ್ಧ ಮುಗಿದ ಮೇಲೆ, 1945ರಲ್ಲಿ, ಲಂಡನ್ ಬಳಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಸೇರಿ ಅವರು ನಿಜವಾದ ವಿದ್ಯುನ್ಮಾನ ಕಂಪ್ಯೂಟರ್ ಒಂದರ ನಕ್ಷೆ ತಯಾರಿಸಿದರು. ಕೆಲಸ ನಿಧಾನವಾಗಿ ಸಾಗಿದ್ದರಿಂದ ಬೇಸತ್ತ ಅವರಿಗೆ ಓಟವೇ ಬಿಡುವಿನ ಸಂಗಾತಿ. 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ ಬಲಶಾಲಿ ಅವರು. 1948ರಲ್ಲಿ ಯಂತ್ರಗಳು ಬುದ್ಧಿಯಿಂದ ವರ್ತಿಸುವಂತೆ ಮಾಡುವುದು ಹೇಗೆಂದು ಒಂದು ವರದಿ ಬರೆದರು. ನಿರ್ದೇಶಕರು ಅದನ್ನು ಶಾಲಾ ಹುಡುಗನ ಪ್ರಬಂಧದಂತಿದೆಯೆಂದು ಬದಿಗಿಟ್ಟರು! ಅದು ಅಚ್ಚಾದದ್ದು 1968ರಲ್ಲಿ, ಲೇಖಕರು ತೀರಿಕೊಂಡು 14 ವರ್ಷಗಳಾದ ಮೇಲೆ.

ಅಷ್ಟರಲ್ಲಿ ಟ್ಯೂರಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದರು. ಗೆಳೆಯನೊಬ್ಬನೊಡನೆ ಸೇರಿ ಚದುರಂಗ ಆಡುವ ಕ್ರಮವಿಧಿಯೊಂದನ್ನು ಬರೆದರು. ಅದನ್ನು ನಡೆಸಬಲ್ಲ ಯಂತ್ರ ಇಲ್ಲದಿದ್ದುದರಿಂದ ಕಾಗದ ಪೆನ್ಸಿಲ್ ಹಿಡಿದು ತಾವೇ ಯಂತ್ರವಾಗಿ ಕುಳಿತರು. ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತಿತ್ತು. 1952ರಲ್ಲಿ ನಡೆದ ಆ ಪಂದ್ಯದಲ್ಲಿ ಕಾಗದದ ಯಂತ್ರ ಸೋತಿತು.

1950ರಲ್ಲಿ ಅವರು ಮೈಂಡ್ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಬರೆದ ಲೇಖನ ಇಂದಿಗೂ ಪದವಿ ವಿದ್ಯಾರ್ಥಿಗಳು ಓದುವಂಥದು. ಯಂತ್ರ ಆಲೋಚಿಸಬಲ್ಲದೇ ಎಂದು ಶಬ್ದಾರ್ಥದ ಜಗಳ ಮಾಡುವುದಕ್ಕಿಂತ ಒಂದು ಪರೀಕ್ಷೆ ಮಾಡೋಣವೆಂದು ಅವರು ಸೂಚಿಸಿದರು. ಒಂದು ಕೋಣೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಯಂತ್ರ. ಹೊರಗೆ ಕುಳಿತ ಪರೀಕ್ಷಕ ಬರವಣಿಗೆಯಲ್ಲೇ ಪ್ರಶ್ನೆ ಕೇಳಿ ಉತ್ತರ ಪಡೆದು, ಯಾರು ಮನುಷ್ಯ, ಯಾವುದು ಯಂತ್ರ ಎಂದು ಹೇಳಬೇಕು. ಹೇಳಲಾಗದಿದ್ದರೆ ಯಂತ್ರಕ್ಕೆ ಬುದ್ಧಿಯಿಲ್ಲವೆಂದು ಹೇಗೆ ಹೇಳುವುದು? ಈ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೆಲ್ಲ ತಾವೇ ಮುಂದಿಟ್ಟು, ಒಂದೊಂದಕ್ಕೂ ಸಮಾಧಾನ ಹೇಳಿದರು. ಯಂತ್ರಗಳು ಇಂದು ನಮ್ಮೊಡನೆ ಮಾತಾಡುತ್ತಿವೆ; ಅವು ನಿಜವಾಗಿ ಆಲೋಚಿಸುತ್ತವೆಯೇ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಆ ಲೇಖನದ ಕೊನೆಯ ಭಾಗ ಶಿಕ್ಷಕರಾದ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯುತ್ತದೆ. ದೊಡ್ಡವರ ಬುದ್ಧಿಯನ್ನು ಯಂತ್ರದಲ್ಲಿ ಒಮ್ಮೆಗೇ ತುಂಬಲು ಏಕೆ ಹೆಣಗಬೇಕು? ಮಗುವಿನ ಮನಸ್ಸಿನಂಥ ಸರಳ ಯಂತ್ರವನ್ನು ಕಟ್ಟಿ, ಅದಕ್ಕೆ ಶಿಕ್ಷಣ ಕೊಟ್ಟರಾಗದೇ? ಹೆಚ್ಚೇನೂ ಬರೆಯದ, ಖಾಲಿ ಹಾಳೆಗಳೇ ತುಂಬಿದ ನೋಟುಪುಸ್ತಕಕ್ಕೆ ಅವರು ಮಗುವಿನ ಮಿದುಳನ್ನು ಹೋಲಿಸಿದರು. ಸರಿಮಾಡಿದಾಗ ಮೆಚ್ಚುಗೆ, ತಪ್ಪಿದಾಗ ದಂಡನೆ ಕೊಡುತ್ತ ಯಂತ್ರಕ್ಕೆ ಕಲಿಸಬಹುದೆಂದರು. ಯಂತ್ರಕಲಿಕೆ ಎಂಬ ಹೆಸರಿನಲ್ಲಿ ಇಂದು ಕಾಲೇಜುಗಳಲ್ಲಿ ಬೋಧಿಸುವ ವಿಷಯದ ಬೀಜ ಇಲ್ಲಿದೆ. ಎಲ್ಲ ನಿಯಮಗಳನ್ನೂ ಬರೆದುಕೊಡುವ ಬದಲು ಸಾವಿರಾರು ಉದಾಹರಣೆಗಳನ್ನು ತೋರಿಸಿ, ತಪ್ಪನ್ನು ತಿದ್ದಿ ತಿದ್ದಿ ಯಂತ್ರವನ್ನು ಪಳಗಿಸುವುದೇ ಅದರ ಕ್ರಮ.

1951ರಲ್ಲಿ ಟ್ಯೂರಿಂಗ್ ರಾಯಲ್ ಸೊಸೈಟಿಯ ಫೆಲೋ ಆದರು. ಚಿರತೆಯ ಮೈಮೇಲೆ ಚುಕ್ಕೆಗಳು ಮೂಡುವುದಕ್ಕೆ ಗಣಿತದ ಕಾರಣ ಹುಡುಕಿ 1952ರಲ್ಲಿ ಜೀವವಿಜ್ಞಾನಕ್ಕೂ ಹೊಸ ದಾರಿ ತೋರಿದರು. ಅದೇ ವರ್ಷ ಅವರ ಮೇಲೆ ಸಿಡಿಲೆರಗಿತು. ಪುರುಷರು ಪುರುಷರನ್ನು ಪ್ರೀತಿಸುವುದು ಅಂದಿನ ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧ. ಟ್ಯೂರಿಂಗ್ ಸುಳ್ಳು ಹೇಳದೆ ತಮ್ಮ ಸ್ವಭಾವವನ್ನು ಒಪ್ಪಿಕೊಂಡರು. ನ್ಯಾಯಾಲಯ ಅವರನ್ನು ಅಪರಾಧಿಯೆಂದು ತೀರ್ಮಾನಿಸಿತು. ಸೆರೆಮನೆಯನ್ನು ತಪ್ಪಿಸಿಕೊಳ್ಳಲು ಒಂದು ವರ್ಷ ಕಾಲ ದೇಹವನ್ನು ಕುಗ್ಗಿಸುವ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. ಸರಕಾರದ ಗುಪ್ತಲಿಪಿ ಕೆಲಸದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಅವರು ತೀರಿಕೊಂಡರು. ವಿಚಾರಣೆಯಲ್ಲಿ ಆತ್ಮಹತ್ಯೆಯೆಂದು ತೀರ್ಮಾನವಾದರೂ, ಪ್ರಯೋಗದ ವೇಳೆ ಆದ ಆಕಸ್ಮಿಕವೆಂದೇ ತಾಯಿ ಕೊನೆಯವರೆಗೂ ನಂಬಿದ್ದರು. ಟ್ಯೂರಿಂಗರಿಗೆ ಆಗ 41 ವರ್ಷ.

ಆ ಕಾನೂನನ್ನು ಇಂಗ್ಲೆಂಡ್ 1967ರಲ್ಲಿ ಸಡಿಲಿಸಿತು. ನಮ್ಮ ದೇಶದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಅಂಥ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2009ರಲ್ಲಿ ಬ್ರಿಟಿಷ್ ಪ್ರಧಾನಮಂತ್ರಿ ಸರಕಾರದ ಪರವಾಗಿ ಕ್ಷಮೆ ಕೇಳಿದರು; 2013ರಲ್ಲಿ ರಾಣಿಯ ಕ್ಷಮಾದಾನ ಬಂತು; 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಅಚ್ಚಾಯಿತು. ಇದೆಲ್ಲ ಬಂದದ್ದು ಅವರು ಹೋದ ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ತನ್ನನ್ನು ಕಾಪಾಡಿದವನನ್ನೇ ಒಂದು ನಾಡು ಹೀಗೆ ನೋಯಿಸಿತು. ತಮಗಿಂತ ಭಿನ್ನನಾಗಿ ಕಾಣುವ ಸಹಪಾಠಿಯನ್ನು ಗೇಲಿ ಮಾಡುವ ಮುನ್ನ ನಮ್ಮ ಮಕ್ಕಳು ಇದನ್ನು ಒಮ್ಮೆ ನೆನೆಯಲಿ.

ಕೃತಕ ಬುದ್ಧಿಮತ್ತೆ ಎಂಬ ಹೆಸರನ್ನು ಟ್ಯೂರಿಂಗ್ ಕೇಳಲೇ ಇಲ್ಲ. ಅದನ್ನು 1955ರಲ್ಲಿ ಅಮೆರಿಕದ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು ಬಳಕೆಗೆ ತಂದರು. 1966ರಿಂದ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಪ್ರಶಸ್ತಿಯನ್ನು ಟ್ಯೂರಿಂಗ್ ಹೆಸರಿನಲ್ಲಿ ಕೊಡುತ್ತ ಬಂದಿದ್ದಾರೆ. ಆ ಪ್ರಶಸ್ತಿಯನ್ನು 1994ರಲ್ಲಿ ಪಡೆದವರಲ್ಲಿ ಒಬ್ಬರು ರಾಜ್ ರೆಡ್ಡಿ. ಅವರು ಹುಟ್ಟಿದ್ದು ನಮ್ಮ ಆಂಧ್ರಪ್ರದೇಶದ ಕಾಟೂರು ಗ್ರಾಮದಲ್ಲಿ! ಅವರು ದುಡಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯ 2018ರಲ್ಲಿ ಕೃತಕ ಬುದ್ಧಿಮತ್ತೆಗೇ ಮೀಸಲಾದ ಪದವಿಯನ್ನು ಆರಂಭಿಸಿತು. 2019ರಲ್ಲಿ ಹೈದರಾಬಾದಿನ ಐ.ಐ.ಟಿ.ಯಲ್ಲೂ ಇಂಥ ಬಿ.ಟೆಕ್. ಪದವಿ ಬಂತು.

ಇಂಥ ಪದವಿಯಲ್ಲಿ ಕಲಿಯುವುದೇನು? ಮೊದಲಿಗೆ ಗಣಿತ: ಕಲನಶಾಸ್ತ್ರ, ಸಂಭವನೀಯತೆ, ಮ್ಯಾಟ್ರಿಕ್ಸ್‌ಗಳ ಬೀಜಗಣಿತ, ತರ್ಕ. ಅನಂತರ ಕ್ರಮವಿಧಿ ಬರೆಯುವ ಕಲೆ. ಆಮೇಲೆ ಯಂತ್ರ ದಾರಿ ಹುಡುಕುವ, ಆಟವಾಡುವ, ಉದಾಹರಣೆಗಳಿಂದ ಕಲಿಯುವ, ಮನುಷ್ಯರ ಭಾಷೆಯನ್ನು ಅರಿಯುವ ಬಗೆಗಳು. ಜೊತೆಗೆ ಇದರಿಂದ ಜನರಿಗೆ ಹಿತವೋ ಅಹಿತವೋ ಎಂಬ ನೀತಿವಿಚಾರ. ಇಂಗ್ಲಿಷನ್ನು ಶ್ರಮಪಟ್ಟು ಕಲಿಯಲೇಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಸಂಭವನೀಯತೆ ಕನ್ನಡದಲ್ಲಿ ತಿಳಿದವನಿಗೆ ಇಂಗ್ಲಿಷಿನಲ್ಲಿ ಬೇರೆಯಾಗದು. ಹತ್ತನೆಯ ತರಗತಿಯ ಗಣಿತವನ್ನು ಬಾಯಿಪಾಠ ಮಾಡದೆ ಅರ್ಥಮಾಡಿಕೊಂಡ ಮಗುವಿಗೆ ಈ ವಿಷಯ ಖಂಡಿತ ದಕ್ಕುತ್ತದೆ. ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡುವ ಅಭ್ಯಾಸ ಮಾತ್ರ ಈಗಿನಿಂದಲೇ ಬೇಕು.

ಇನ್ನೊಂದು ಮಾತು. ಉದಾಹರಣೆಗಳಿಂದ ಕಲಿಯುವ ಯಂತ್ರಕ್ಕೆ ಯಾವ ಭಾಷೆಯ ಬರಹ ಹೆಚ್ಚು ಸಿಕ್ಕುತ್ತದೋ ಆ ಭಾಷೆ ಚೆನ್ನಾಗಿ ಬರುತ್ತದೆ. ಇಂಗ್ಲಿಷಿನ ಬರಹ ರಾಶಿಯಾಗಿದೆ. ಕನ್ನಡದ್ದು ಅದರ ಮುಂದೆ ಅತ್ಯಲ್ಪ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಮ್ಮ ಸೀಮೆಯ ಮಾತಂತೂ ಇನ್ನೂ ವಿರಳ. ಆ ಕೊರತೆಯನ್ನು ಹೊರಗಿನವರು ಬಂದು ತುಂಬಲಾರರು. ಗಣಿತ ಬಲ್ಲ, ಎರಡು ಭಾಷೆ ಬಲ್ಲ ನಮ್ಮ ಮಕ್ಕಳೇ ಅದಕ್ಕೆ ತಕ್ಕವರು. ಟ್ಯೂರಿಂಗ್ ಖಾಲಿ ಹಾಳೆಗಳ ನೋಟುಪುಸ್ತಕವೊಂದನ್ನು ಜಗತ್ತಿನ ಮುಂದಿಟ್ಟು ಹೋದರು. ಅದರಲ್ಲಿ ಕನ್ನಡದ ಪುಟಗಳನ್ನು ಬರೆಯುವವರು ಈ ಶಾಲೆಯಿಂದಲೂ ಹೊರಡಲೆಂದು ನಾವು ಹಾರೈಸುತ್ತೇವೆ.